ಹೂಟಗಳ್ಳಿ, ಹೆಬ್ಬಾಳದ ಕಡೆ ದಿನಕ್ಕೆ 150 ರೂಪಾಯಿಯಲ್ಲಿ ಊಟ ತಿಂಡಿ ಆಗುತ್ತಾ?

ಗದಗಿನವ (ಭಾನುವಾರ, ರಾತ್ರಿ 8.40)

ಎಲ್ಲರಿಗೂ ನಮಸ್ಕಾರ. ಮೈಸೂರಿಗೆ ಬಂದು ಇಪ್ಪತ್ತೆರಡು ದಿನ ಆಯ್ತು. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಟ್ರೈನಿ ಕೆಲಸ. ಹೂಟಗಳ್ಳಿಯ ಕೆಎಚ್‌ಬಿ ಕಾಲೊನಿಯಲ್ಲಿ ರೂಮು ಮಾಡಿದ್ದೇನೆ. ಅಡುಗೆ ಮಾಡುವ ಹಾಗಿಲ್ಲ ಅಂತ ಓನರ್ ಅಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೂ ಮುಂಚೆ ಒಂದು ವಾರ ಪಿಜಿಯಲ್ಲಿದ್ದೆ. ಅಲ್ಲಿ ಸೋಮವಾರ ಹುಟ್ಟಿದ ಸಾಂಬಾರು ಗುರುವಾರದ ತನಕ ಬದುಕುತ್ತಿತ್ತು. ಬಿಟ್ಟು ಬಂದೆ.

ಆಮೇಲೆ ಮೊಬೈಲಿನಲ್ಲಿ ಆರ್ಡರ್ ಮಾಡೋಕೆ ಶುರು ಮಾಡಿದೆ. ಎರಡು ಚಪಾತಿ ಒಂದು ಪಲ್ಯ ತರಿಸಿದರೂ ಪ್ಯಾಕಿಂಗು, ಡೆಲಿವರಿ, ಅದು ಇದು ಸೇರಿ ನೂರೈವತ್ತು ಆಗುತ್ತದೆ. ನನಗೆ ಆ ನೂರೈವತ್ತರಲ್ಲಿ ಇಡೀ ದಿನ ಕಳೆಯಬೇಕು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಟ್ರೈನಿಗಳಿಗೆ ಚಹಾ ಮಾತ್ರ ಪುಕ್ಕಟೆ.

ಗೊತ್ತಿದ್ದವರು ಹೆಸರು, ಮ್ಯಾಪ್ ಲೊಕೇಶನ್ ಹಾಕಿ ಒಂದು ಲಿಸ್ಟ್ ಮಾಡಿಕೊಟ್ಟರೆ ದೊಡ್ಡ ಉಪಕಾರ. ಬೈಕ್ ಇಲ್ಲ, ನಡೆದು ಹೋಗುವಷ್ಟು ದೂರ ಇರಬೇಕು. ಜೋಳದ ರೊಟ್ಟಿ ಎಲ್ಲಾದರೂ ಸಿಕ್ಕರೆ ಅದನ್ನು ಮೊದಲು ಹೇಳಿ.

ಮಂಡ್ಯದ ಮುದ್ದೆ (ರಾತ್ರಿ 8.52)

ಜೋಳದ ರೊಟ್ಟಿ ಹುಡುಕಿಕೊಂಡು ಮೈಸೂರಿಗೆ ಬಂದ್ಯಾ ಗುರು? ಮುದ್ದೆ ಕಲಿ. ಜೀವನ ಸಲೀಸು.

ಗಂಗೋತ್ರಿ ಹಾಸ್ಟೆಲ್ (ರಾತ್ರಿ 9.05)

ಅವರಿಗೆ ಹಾಗೆಲ್ಲ ಹೆದರಿಸಬೇಡಿ. ನಾನೂ ಆ ಕಡೆಯವಳೇ, ಬಾಗಲಕೋಟೆ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ನಮ್ಮ ಕಡೆ ಹುಡುಗರು ಹುಡುಗಿಯರು ಎಲ್ಲಿ ಓದೋಕೆ ಬರುತ್ತಾರೋ ಅದರ ಸುತ್ತ ಒಂದಾದರೂ ಖಾನಾವಳಿ ಹುಟ್ಟಿಕೊಳ್ಳುತ್ತದೆ. ಸರಸ್ವತಿಪುರಂ ಕಡೆ ಹಾಸ್ಟೆಲ್‌ಗಳಿರುವ ಬೀದಿಗಳಲ್ಲಿ ವಿಚಾರಿಸಿ. ಆದರೆ ಅದು ನಿಮಗೆ ನಡೆಯುವ ದೂರ ಅಲ್ಲ. ವಾರಕ್ಕೊಮ್ಮೆ ಬಸ್ಸಿಗೆ ಬನ್ನಿ ಅಷ್ಟೆ.

ದಿನಾ ಬೇಕಾದರೆ ಖಡಕ್ ರೊಟ್ಟಿ ಕೊಂಡಿಟ್ಟುಕೊಳ್ಳಿ. ವಿಜಯನಗರದಲ್ಲಿ ಮನೆಯಿಂದಲೇ ಮಾಡಿ ಮಾರುವವರು ಇದ್ದಾರೆ. ಡಬ್ಬಿಯಲ್ಲಿ ಹಾಕಿಟ್ಟರೆ ತಿಂಗಳು ಕೆಡಲ್ಲ. ಊರಿಂದ ಶೇಂಗಾ ಚಟ್ನಿಪುಡಿ ತರಿಸಿ, ಇಲ್ಲಿ ಒಂದು ಲೋಟ ಮೊಸರು ತಗೊಳ್ಳಿ. ಓನರ್ ಅಮ್ಮನಿಗೆ ಒಲೆ ಹಚ್ಚಿದರೆ ತಾನೇ ಸಿಟ್ಟು? ರೊಟ್ಟಿ ಮುರಿದರೆ ಅಲ್ಲವಲ್ಲ.

ನಿವೃತ್ತ ಮೇಷ್ಟ್ರು (ರಾತ್ರಿ 9.31)

ಮೈಸೂರಿಗೆ ಬಂದವರು ಮೊದಲು ಮೈಲಾರಿ ದೋಸೆ ತಿನ್ನಬೇಕು. ನಜರ್‌ಬಾದಿನಲ್ಲಿ 1938ರಿಂದ ನಡೆಯುತ್ತಿದೆ. ಗರಿಗರಿ ದೋಸೆ ಅಲ್ಲ ಅದು, ಹತ್ತಿಯ ಹಾಗೆ ಮೆತ್ತಗೆ. ಒಳಗೆ ಸಾಗು, ಮೇಲೆ ಬೆಣ್ಣೆ. ಮಾಂಸ ತಿನ್ನುವವರಾದರೆ ಹನುಮಂತು ಹೋಟೆಲಿನ ಪಲಾವ್ ಇದೆ. ಮೈಸೂರ್ ಪಾಕ್ ಬೇಕಾದರೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಮನೆತನದ್ದು ಅದು.

ಮೂರನೇ ಶಿಫ್ಟು (ರಾತ್ರಿ 10.15)

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಅವರು ಕೇಳಿದ್ದು ಹೊಟ್ಟೆಪಾಡು, ನೀವು ಹೇಳಿದ್ದು ಪ್ರವಾಸ. ಹೂಟಗಳ್ಳಿಯಿಂದ ನಜರ್‌ಬಾದಿಗೆ ಹೋಗಿ ದೋಸೆ ತಿಂದು ಬಂದರೆ ಬಸ್ ಚಾರ್ಜೇ ಒಂದು ತಿಂಡಿ ಆಗುತ್ತದೆ.

ಗದಗಿನವರೇ, ನಾನು ಹೆಬ್ಬಾಳದಲ್ಲಿ ಹನ್ನೊಂದು ವರ್ಷದಿಂದ ಶಿಫ್ಟ್ ಕೆಲಸ ಮಾಡುತ್ತಿದ್ದೇನೆ. ನೀವು ಕೇಳಿದ ಲಿಸ್ಟ್ ಮಾಡೋಕೆ ಆಗಲ್ಲ. ಯಾಕೆ ಅಂದರೆ ಈ ಕಡೆ ಅಗ್ಗದ ಊಟಕ್ಕೆ ವಿಳಾಸ ಇಲ್ಲ, ಹೊತ್ತು ಇದೆ. ಹಳೇ ಮೈಸೂರಿನ ಹೋಟೆಲು ಬೆಳಗ್ಗೆ ಬಾಗಿಲು ತೆರೆದರೆ ರಾತ್ರಿ ಹಾಕುತ್ತದೆ. ಇಲ್ಲಿ ಹಾಗಲ್ಲ. ಮೊದಲ ಶಿಫ್ಟ್ ಆರಕ್ಕೆ. ಐದೂಕಾಲಿಗೆ ಸರ್ಕಲ್ಲುಗಳಲ್ಲಿ ಆಮ್ನಿ ಗಾಡಿ, ತಳ್ಳೋ ಗಾಡಿ ಬಂದು ನಿಲ್ಲುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ, ಚಿತ್ರಾನ್ನ, ಟೊಮೆಟೊ ಬಾತ್. ಎಂಟೂವರೆಗೆ ಡಬ್ಬಿ ಖಾಲಿ. ಒಂಬತ್ತಕ್ಕೆ ನೀವು ಮ್ಯಾಪ್ ಹಿಡಿದು ಅಲ್ಲಿಗೆ ಬಂದರೆ ಬಾಳೆಎಲೆ ಚೂರು, ಒಂದು ನಾಯಿ, ಅಷ್ಟೇ ಕಾಣಿಸೋದು.

ಅದೇ ಜಾಗದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಬೇರೆಯವರು ಬರುತ್ತಾರೆ, ಮುದ್ದೆ ಊಟ. ಸಂಜೆ ಐದಕ್ಕೆ ಇನ್ನೊಬ್ಬರು, ಬೋಂಡ ಬಜ್ಜಿ. ಒಂದೇ ಹೊಂಗೆ ಮರದ ಕೆಳಗೆ ದಿನಕ್ಕೆ ಮೂರು ಹೋಟೆಲು.

ನಾಳೆ ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ಫ್ಯಾಕ್ಟರಿ ದಿಕ್ಕಿಗೆ ನಡೆಯಿರಿ. ಯೂನಿಫಾರ್ಮ್ ಹಾಕಿದವರು ಎಲ್ಲಿ ಬೈಕ್ ಸೈಡಿಗೆ ಹಾಕುತ್ತಾರೋ ಅಲ್ಲಿ ನಿಲ್ಲಿ. ಶಿಫ್ಟಿಗೆ ಹೋಗುವವನು ಹೊಟ್ಟೆ ಕೆಡಿಸುವ ಗಾಡಿಗೆ ಎರಡನೇ ದಿನ ಹೋಗಲ್ಲ. ಹೊಟ್ಟೆ ಕೆಟ್ಟರೆ ರಜೆ, ರಜೆ ಹಾಕಿದರೆ ಸಂಬಳ ಕಟ್.

ಸಾಫ್ಟ್‌ವೇರ್ ಸಂಕಟ (ರಾತ್ರಿ 10.40)

ಇದೆಲ್ಲ ಸರಿ, ಆದರೂ ಒಂದೆರಡು ಹೆಸರು ಹೇಳೋಕೆ ಏನು ಕಷ್ಟ? ಇಷ್ಟು ಜನ ತಿನ್ನುತ್ತೀರ, ಒಬ್ಬರಾದರೂ ಲೊಕೇಶನ್ ಹಾಕಿ. ನಾನೂ ಇದೇ ಏರಿಯಾ. ವಾರದ ಕೊನೆಯಲ್ಲಿ ಗೋಕುಲಂ ಕಡೆ ಹೋದರೆ ಯೋಗ ಕಲಿಯೋಕೆ ಬಂದ ವಿದೇಶದವರ ರೇಟಿನಲ್ಲಿ ಇಡ್ಲಿ ತಿನ್ನಬೇಕು. ಬಿಲ್ ಬಂದಾಗ ನಮಗೂ ಉಸಿರಾಟದ ಅಭ್ಯಾಸ ಆಗುತ್ತದೆ.

ಕೆಆರ್‌ಎಸ್ ರೋಡ್ ಆಟೋ (ರಾತ್ರಿ 11.20)

ಲೊಕೇಶನ್ ಯಾಕೆ ಹಾಕಲ್ಲ ಅಂತ ನಾನು ಹೇಳುತ್ತೇನೆ ಕೇಳಿ.

ಕೆಆರ್‌ಎಸ್ ರಸ್ತೆಯಿಂದ ಸ್ವಲ್ಪ ಒಳಗೆ ಒಬ್ಬರು ಅಜ್ಜಿ ಅಕ್ಕಿ ರೊಟ್ಟಿ ಹಾಕುತ್ತಿದ್ದರು. ಎರಡು ಕಾವಲಿ, ಒಂದು ಕೊಡೆ, ಎರಡು ಬೆಂಚು. ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ. ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ. ಹಿಟ್ಟನ್ನು ಬಿಸಿ ಕಾವಲಿ ಮೇಲೆ ತಟ್ಟುತ್ತಿರಲಿಲ್ಲ. ಒಂದು ಕಾವಲಿ ಬೇಯುವಾಗ ಇನ್ನೊಂದನ್ನು ನೀರು ಚಿಮುಕಿಸಿ ತಣ್ಣಗೆ ಮಾಡಿ, ಅದರ ಮೇಲೆ ತಟ್ಟಿ, ನಡುವೆ ಬೆರಳಲ್ಲಿ ನಾಲ್ಕು ತೂತು ಮಾಡಿ ಎಣ್ಣೆ ಬಿಡುತ್ತಿದ್ದರು. ಒಂದಕ್ಕೆ ನಾಲ್ಕು ನಿಮಿಷ. ಅಂದರೆ ಎರಡು ಕಾವಲಿಯಿಂದ ಗಂಟೆಗೆ ಮೂವತ್ತು ರೊಟ್ಟಿ. ನಾವು ಆಟೋದವರು, ಗಾರೆ ಕೆಲಸದವರು, ಹಾಲಿನವರು, ಎಲ್ಲ ಸೇರಿದರೂ ಅಷ್ಟೇ ಜನ. ಲೆಕ್ಕ ಸರಿಯಾಗಿತ್ತು. ಒಂದು ರೊಟ್ಟಿ 20 ರೂಪಾಯಿ. ಎರಡು ತಿಂದರೆ ಮಧ್ಯಾಹ್ನ ಎರಡರ ತನಕ ಹೊಟ್ಟೆ ಕೇಳುತ್ತಿರಲಿಲ್ಲ.

ಒಂದು ದಿನ ಒಬ್ಬ ಹುಡುಗ ಬಂದು ವಿಡಿಯೊ ಮಾಡಿದ. ಒಳ್ಳೆಯ ಹುಡುಗನೇ, ಅಜ್ಜಿ ಕಾಲಿಗೂ ಬಿದ್ದ. ಮುಂದಿನ ಭಾನುವಾರ ಬೆಳಗ್ಗೆ ನೋಡಿದರೆ ಬೋಗಾದಿಯಿಂದ, ಕುವೆಂಪುನಗರದಿಂದ, ಬೆಂಗಳೂರಿಂದ ಕಾರು. ಗಂಟೆಗೆ ಮೂವತ್ತು ರೊಟ್ಟಿ, ನಿಂತವರು ನೂರಕ್ಕೂ ಮೇಲೆ. ಅಜ್ಜಿ ಕೈ ನಡುಗುತ್ತಿತ್ತು. ಇನ್ನೆರಡು ಕಾವಲಿ ತಂದರು, ಒಬ್ಬ ಹುಡುಗನನ್ನು ಇಟ್ಟುಕೊಂಡರು. ಅವನು ಬೇಗ ಆಗಲಿ ಅಂತ ಬಿಸಿ ಕಾವಲಿ ಮೇಲೇ ತಟ್ಟಿದ. ಮೇಲೆ ಕಪ್ಪು, ಒಳಗೆ ಹಸಿ. 20 ಇದ್ದದ್ದು 35 ಆಯ್ತು. ನಾವು ದಿನದ ಗಿರಾಕಿಗಳು ಕ್ಯೂನಲ್ಲಿ ನಿಂತರೆ ಬಾಡಿಗೆ ಹೋಯ್ತು, ನಿಲ್ಲದಿದ್ದರೆ ತಿಂಡಿ ಹೋಯ್ತು. ಆಮೇಲೆ ಕಾರು ಅಡ್ಡ ನಿಲ್ಲಿಸುತ್ತಾರೆ ಅಂತ ಅಕ್ಕಪಕ್ಕದವರು ಯಾರೋ ದೂರು ಕೊಟ್ಟರು. ಗಾಡಿ ಎತ್ತಬೇಕಾಯ್ತು. ವಿಡಿಯೊ ನೋಡಿ ಬಂದವರು ಅಷ್ಟು ಹೊತ್ತಿಗೆ ಇನ್ಯಾವುದೋ ವಿಡಿಯೊ ಹಿಂದೆ ಹೋಗಿದ್ದರು.

ಅಜ್ಜಿ ಈಗ ಮಗಳ ಮನೆಯಲ್ಲಿದ್ದಾರೆ. ಸಿಕ್ಕಿದಾಗ ಮಾತಾಡಿಸುತ್ತೇನೆ. ‘ಏನು ಮಗ, ಬೆಳಗ್ಗೆ ತಿಂಡಿ ಎಲ್ಲಿ ಮಾಡ್ತಿಯ?’ ಅಂತ ಕೇಳುತ್ತಾರೆ. ನಾನು ಮನೆಯಲ್ಲೇ ಅಂತ ಸುಳ್ಳು ಹೇಳುತ್ತೇನೆ.

ಸಾಫ್ಟ್‌ವೇರ್ ಸಂಕಟ (ರಾತ್ರಿ 11.34)

ಅಣ್ಣ, ಆ ವಿಡಿಯೊ ನೋಡಿ ಬಂದವರಲ್ಲಿ ನಾನೂ ಒಬ್ಬ ಇರಬಹುದು. ಅಕ್ಕಿ ರೊಟ್ಟಿ ಒಳಗೆ ಹಸಿ ಇತ್ತು ಅಂತ ಎರಡು ಸ್ಟಾರ್ ಕೊಟ್ಟಿದ್ದೆ. ಈಗ ತೆಗೆಯುತ್ತೇನೆ. ಆದರೂ ಒಂದು ಮಾತು. ಜಾಸ್ತಿ ಗಿರಾಕಿ ಬಂದರೆ ವ್ಯಾಪಾರ ಬೆಳೆಯೋದು ಒಳ್ಳೆಯದೇ ಅಲ್ವಾ? ಎಲ್ಲರೂ ಗುಟ್ಟು ಮಾಡಿದರೆ ಹೊಸದಾಗಿ ಗಾಡಿ ಹಾಕಿದವರು ಬದುಕೋದು ಹೇಗೆ?

ಮೆಸ್ ಅಕ್ಕ (ಸೋಮವಾರ, ಮಧ್ಯಾಹ್ನ 3.50)

ಈಗ ಪಾತ್ರೆ ತೊಳೆದು ಕೂತೆ. ಇಬ್ಬರ ಮಾತೂ ಸರಿ ಇದೆ, ಆದರೆ ಅಡುಗೆ ಮಾಡುವವರ ಲೆಕ್ಕ ಯಾರೂ ಹೇಳಲಿಲ್ಲ. ನಾನು ವಿಜಯನಗರದಲ್ಲಿ ಮನೆಯಲ್ಲೇ ಮೆಸ್ ನಡೆಸುತ್ತೇನೆ. ಎಷ್ಟನೇ ಹಂತ ಅಂತ ಹೇಳಲ್ಲ. ಈಗಿರುವ ಮೂವತ್ತೆರಡು ಜನಕ್ಕೇ ನನ್ನ ಎರಡು ಕೈ ಸಾಲುತ್ತಿಲ್ಲ.

ನನ್ನ ಊಟ 60 ರೂಪಾಯಿ. ಒಂದು ಮುದ್ದೆ ಇಲ್ಲ ಎರಡು ಚಪಾತಿ, ಅನ್ನ, ಸಾರು, ಪಲ್ಯ, ಮಜ್ಜಿಗೆ. ಹೇಗೆ ಗಿಟ್ಟುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮುದ್ದೆಯಿಂದ ಗಿಟ್ಟುತ್ತೆ. ಬರೀ ಅನ್ನದ ಊಟ ಆದರೆ ಒಂದು ಕೆ.ಜಿ. ಅಕ್ಕಿ ಐದು ಜನಕ್ಕೆ ಸರಿ. ಮೊದಲು ಮುದ್ದೆ ಬಡಿಸಿದರೆ ಅದೇ ಅಕ್ಕಿ ಎಂಟು ಜನಕ್ಕೆ ಬರುತ್ತದೆ. ಮುದ್ದೆ ತಿಂದವರು ಎರಡನೇ ಸಲ ಅನ್ನ ಕೇಳಲ್ಲ, ಕೇಳಿದರೂ ಒಂದು ಹಿಡಿ.

ಇನ್ನು ವಾರಕ್ಕೆ ಎರಡು ದಿನ ಬಸ್ಸಾರು. ನಮ್ಮ ಹಿರಿಯರು ಇದನ್ನು ರುಚಿಗೆ ಮಾತ್ರ ಕಂಡುಹಿಡಿದಿದ್ದು ಅಂದುಕೊಂಡಿದ್ದೆ. ಮೆಸ್ ಶುರು ಮಾಡಿದ ಮೇಲೆ ಗೊತ್ತಾಯ್ತು, ಲೆಕ್ಕಕ್ಕೆ ಕಂಡುಹಿಡಿದಿದ್ದು. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿದರೆ ಆ ಕಟ್ಟು ಸಾರಾಯ್ತು, ಉಳಿದ ಕಾಳು ಸೊಪ್ಪು ಒಗ್ಗರಣೆ ಹಾಕಿದರೆ ಪಲ್ಯ ಆಯ್ತು. ಒಂದೇ ಪಾತ್ರೆ, ಒಂದೇ ಗ್ಯಾಸು, ಎರಡು ಅಡುಗೆ. ಸಾಂಬಾರಿನ ದಿನಕ್ಕಿಂತ ಬಸ್ಸಾರಿನ ದಿನ ಉಳಿಯೋದು ಜಾಸ್ತಿ. ತಿನ್ನುವವರಿಗೂ ಅವತ್ತೇ ಖುಷಿ ಜಾಸ್ತಿ. ಅದಕ್ಕೇ ಯಾವುದಾದರೂ ಹೊಸ ಮೆಸ್ಸಿಗೆ ಹೋದರೆ ‘ಬಸ್ಸಾರು ಯಾವತ್ತು?’ ಅಂತ ಕೇಳಿ. ಇಂಥ ದಿನ ಅಂತ ತಟ್ಟನೆ ಹೇಳಿದರೆ ಅಲ್ಲಿ ಮನೆಯವರೇ ಅಡುಗೆ ಮಾಡುತ್ತಾರೆ ಅಂತ ಅರ್ಥ.

ತೊಂದರೆಯೂ ಹೇಳುತ್ತೇನೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿತಲ್ಲ, ಆಗ ಚಟ್ನಿಗೆ ಹುರಿಗಡಲೆ ಜಾಸ್ತಿ ಮಾಡಿದೆ. ಒಬ್ಬರೂ ಬೈಯಲಿಲ್ಲ, ಆದರೆ ಎಲ್ಲರ ತಟ್ಟೆಯಲ್ಲೂ ಚಟ್ನಿ ಉಳಿಯುತ್ತಿತ್ತು. ಅದು ಬೈಗುಳಕ್ಕಿಂತ ಜೋರು. ಗ್ಯಾಸ್ ನಾನು 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರೇ ತಗೊಳ್ಳೋದು. ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ತುಂಬ ಅಗ್ಗ ಅಂತ ಕಂಡ ಕಡೆ ಒಲೆ ಕೆಳಗೆ ಒಮ್ಮೆ ಕಣ್ಣು ಹಾಯಿಸಿ, ಅಗ್ಗ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಮತ್ತೆ, ಎರಡೂವರೆಗೆ ಬಂದು ಸಾರು ನೀರು ಅನ್ನಬೇಡಿ. ಕೊನೆಯ ನಾಲ್ಕು ಜನಕ್ಕೆ ಬಿಸಿನೀರು ಬೆರೆಸುತ್ತೇನೆ, ನಿಜ. ಇಲ್ಲ ಅಂದರೆ ನಿಮಗೆ ಬರೀ ಅನ್ನ. ಒಳ್ಳೆಯ ಸಾರು ಬೇಕಾದವರು ಹನ್ನೆರಡೂಮುಕ್ಕಾಲಿಗೆ ಬನ್ನಿ.

ಸಾಫ್ಟ್‌ವೇರ್ ತಮ್ಮಾ, ಗಿರಾಕಿ ಜಾಸ್ತಿ ಆದರೆ ಒಳ್ಳೆಯದೇ. ಒಂದೇ ದಿನ ಜಾಸ್ತಿ ಆಗಬಾರದು ಅಷ್ಟೆ. ತಿಂಗಳಿಗೆ ಇಬ್ಬರು ಬಂದರೆ ನಾನು ಪಾತ್ರೆ ದೊಡ್ಡದು ತಗೊಳ್ಳುತ್ತೇನೆ. ಒಂದೇ ಸಲ ಇನ್ನೂರು ಜನ ಬಂದರೆ ಬಾಗಿಲು ಹಾಕಿಕೊಳ್ಳುತ್ತೇನೆ.

ಗದಗಿನವ (ಸಂಜೆ 6.20)

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಒಂದೇ ಪ್ರಶ್ನೆ. ನಿಮ್ಮಂಥವರು ಬೋರ್ಡ್ ಹಾಕಲ್ಲ, ಲೊಕೇಶನ್ ಹಾಕಲ್ಲ. ಹೊಸಬರು ನಿಮ್ಮನ್ನು ಹುಡುಕೋದು ಹೇಗೆ?

ಮೆಸ್ ಅಕ್ಕ (ಸಂಜೆ 6.45)

ಹಿಟ್ಟಿನ ಮಿಲ್ಲಿಗೆ ಹೋಗಪ್ಪಾ. ವಾರಕ್ಕೆ ಹದಿನೈದು ಇಪ್ಪತ್ತು ಕೆ.ಜಿ. ರಾಗಿ ಬೀಸಲು ಯಾರು ತರುತ್ತಾರೆ ಅಂತ ಕೇಳು. ಒಂದು ಸಂಸಾರಕ್ಕೆ ಅಷ್ಟು ರಾಗಿ ಬೇಡ, ಅದು ಮೆಸ್ಸೇ. ಮಿಲ್ಲಿನಲ್ಲಿ ಗೊತ್ತಾಗದಿದ್ದರೆ ನಂದಿನಿ ಬೂತಿನಲ್ಲಿ ಕೇಳು, ದಿನಾ ಬೆಳಗ್ಗೆ ಮೊಸರು ಜಾಸ್ತಿ ಒಯ್ಯುವವರು ಯಾರು ಅಂತ. ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ‘ಅಕ್ಕಾ, ಒಬ್ಬರಿಗೆ ಜಾಗ ಇದೆಯಾ?’ ಅನ್ನು. ‘ರೇಟ್ ಎಷ್ಟು?’ ಅಂತ ಶುರು ಮಾಡಬೇಡ.

ಲೇಬಲ್ ಓದುವವಳು (ರಾತ್ರಿ 8.10)

ಅಗ್ಗದ ಜೊತೆ ಚೊಕ್ಕಟವೂ ಇರಲಿ ಅಂತ ನನ್ನ ನಾಲ್ಕು ಮಾತು. ಸಿಎಫ್‌ಟಿಆರ್‌ಐ ಇರುವ ಊರು ನಮ್ಮದು. 1950ರಿಂದ ಚೆಲುವಾಂಬ ಅರಮನೆಯಲ್ಲಿ ಆಹಾರದ ಬಗ್ಗೆ ಸಂಶೋಧನೆ ನಡೆಯುತ್ತಿದೆ. ಹೊರಗೆ ರಸ್ತೆಯಲ್ಲಿ ನಾವು ಕಣ್ಣು ಮುಚ್ಚಿ ತಿನ್ನುತ್ತೇವೆ.

ಇಡ್ಲಿ ಗಾಡಿಯಲ್ಲಿ ತಟ್ಟೆ ಮೇಲೆ ಬಟ್ಟೆ ಹಾಸಿದ್ದಾರಾ, ಪ್ಲಾಸ್ಟಿಕ್ ಹಾಳೆಯಾ ನೋಡಿ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದು ಅಂತ 2025ರಲ್ಲಿ ರಾಜ್ಯ ಸರ್ಕಾರವೇ ಹೇಳಿದೆ. ಬಟ್ಟೆ ಮೇಲೆ ಬೆಂದ ಇಡ್ಲಿಯ ತಳದಲ್ಲಿ ನೇಯ್ಗೆಯ ಗೆರೆ ಮೂಡಿರುತ್ತದೆ, ತಿರುಗಿಸಿ ನೋಡಿದರೆ ಸಾಕು. ಪ್ಲಾಸ್ಟಿಕ್ ಮೇಲೆ ಬೆಂದದ್ದು ಗಾಜಿನ ಹಾಗೆ ನುಣ್ಣಗಿರುತ್ತದೆ. ಗೋಬಿ ಮಂಚೂರಿ ಕೆಂಡದ ಹಾಗೆ ಕೆಂಪಗಿದ್ದರೆ ದೂರ ಇರಿ. ಅದಕ್ಕೆ ಕೃತಕ ಬಣ್ಣ ಹಾಕೋದನ್ನು 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದಾರೆ. ಬಜ್ಜಿ ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ ಅದು ನಿನ್ನೆ ಮೊನ್ನೆಯದ್ದು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಗಾಡಿ ಮೇಲೆ ಬರೆದಿದ್ದರೆ ಒಳ್ಳೆಯದು.

ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಇಲ್ಲ ಅಂದರೆ ನಾನಂತೂ ನಿಲ್ಲಲ್ಲ.

ಮಂಡ್ಯದ ಮುದ್ದೆ (ರಾತ್ರಿ 8.22)

ಮೇಡಂ, ನೀವು ಹೇಳಿದ್ದೆಲ್ಲ ನೋಡುತ್ತ ನಿಂತರೆ ಆರು ಗಂಟೆ ಶಿಫ್ಟಿನವನು ಏಳಕ್ಕೆ ಹೋಗುತ್ತಾನೆ.

ಲೇಬಲ್ ಓದುವವಳು (ರಾತ್ರಿ 8.25)

ಒಂದೇ ದಿನ ನೋಡಿ. ದಿನಾ ಅಲ್ಲ.

ಗಂಗೋತ್ರಿ ಹಾಸ್ಟೆಲ್ (ರಾತ್ರಿ 9.00)

ಇನ್ನೊಂದು, ಜೇಬಿನಲ್ಲಿ ಚಿಲ್ಲರೆ ಇರಲಿ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸ್ ಬಂದ ಮೇಲೆ ಕೆಲವರು ಕ್ಯೂಆರ್ ಕೋಡ್ ತಿರುಗಿಸಿಟ್ಟರು. ನಾನು ಹೋಗುವ ಗಾಡಿಯಲ್ಲಿ ಈಗಲೂ ‘ಕ್ಯಾಶ್ ಮಾತ್ರ’ ಅಂತ ರಟ್ಟಿನ ಮೇಲೆ ಬರೆದಿದೆ. ಐನೂರರ ನೋಟು ಕೊಟ್ಟರೆ ಅಣ್ಣ ಮುಖ ನೋಡುತ್ತಾರೆ.

ತಿಂಗಳ ಕೊನೆಯಲ್ಲಿ ಊರೊಳಗೆ ಕೆಲಸ ಇದ್ದರೆ ಇಂದಿರಾ ಕ್ಯಾಂಟೀನ್ ಇದೆ. ತಿಂಡಿ 5 ರೂಪಾಯಿ, ಊಟ 10. ನಾಚಿಕೆ ಏನಿಲ್ಲ, ನಾವು ಲ್ಯಾಬ್ ಕೋಟ್ ಹಾಕಿಕೊಂಡೇ ತಿಂದಿದ್ದೇವೆ. ತಡವಾಗಿ ಹೋದರೆ ಖಾಲಿ.

ಸಾಫ್ಟ್‌ವೇರ್ ಸಂಕಟ (ರಾತ್ರಿ 9.18)

ಬಿಲ್ ಮಾತು ಬಂತು ಅಂತ ಕೇಳುತ್ತೇನೆ. ರಿಂಗ್ ರೋಡ್ ಹತ್ತಿರ ಒಂದು ಹೋಟೆಲಿನಲ್ಲಿ ಫಲಕದಲ್ಲಿ ಊಟ 120 ಅಂತ ಇತ್ತು. ಬಿಲ್ಲಿನಲ್ಲಿ ಜಿಎಸ್‌ಟಿ, ಅದರ ಕೆಳಗೆ ಸೇವಾ ಶುಲ್ಕ, ಎಲ್ಲ ಸೇರಿ 140 ಹತ್ತಿರ ಹೋಯ್ತು. ಸೇವೆ ಅಂದರೆ ನಾನೇ ಎದ್ದು ಹೋಗಿ ಉಪ್ಪಿನಕಾಯಿ ತಂದಿದ್ದೆ. ಕೊಡಲೇಬೇಕಾ?

ನಿವೃತ್ತ ಮೇಷ್ಟ್ರು (ರಾತ್ರಿ 9.50)

ಸೇವಾ ಶುಲ್ಕ ಕೊಡಲೇಬೇಕೆಂದಿಲ್ಲ. ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಮೆತ್ತಗೆ ಹೇಳಿದರೆ ತೆಗೆಯುತ್ತಾರೆ. ಜಿಎಸ್‌ಟಿ ಬೇರೆ, ಸಾಮಾನ್ಯ ಹೋಟೆಲಿಗೆ ಶೇ. 5. ಆದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಬಿಲ್ಲಿನ ತಲೆಯ ಮೇಲೆ ಹಾಗಂತ ಬರೆದಿರಬೇಕು, ಓದಿ.

ನಿನ್ನೆ ನಾನು ಪ್ರವಾಸ ಹೇಳಿದೆ ಅಂತ ಒಬ್ಬರು ಅಂದರು. ಒಪ್ಪಿದೆ. ಆದರೆ ಆ ಹುಡುಗ ಮೊದಲ ಸಂಬಳ ಬಂದ ದಿನ ನಜರ್‌ಬಾದಿಗೆ ಹೋಗಲಿ. ಅದನ್ನು ಹಿಂದೆಗೆದುಕೊಳ್ಳಲ್ಲ.

ಮೂರನೇ ಶಿಫ್ಟು (ರಾತ್ರಿ 10.05)

ಮೇಷ್ಟ್ರೇ, ಸಂಬಳದ ದಿನ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಜನವರಿ ಒಂದಕ್ಕೆ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಲಾಡು ಕೊಡುತ್ತಾರೆ, ಅಲ್ಲಿಗೂ. ಅದು ಪುಕ್ಕಟೆ. ಕ್ಯೂ ಮಾತ್ರ ಪುಕ್ಕಟೆ ಅಲ್ಲ, ಕಾಲು ಬೇಕು.

ಗದಗಿನವ (ಶನಿವಾರ, ರಾತ್ರಿ 9.15)

ಐದು ದಿನದ ವರದಿ.

ಮಂಗಳವಾರ ಐದೂಮುಕ್ಕಾಲಿಗೆ ಹೊರಟೆ. ಇನ್ನೂ ಕತ್ತಲು. ಕಾಲೊನಿ ದಾಟಿ ಮುಖ್ಯ ರಸ್ತೆಗೆ ಬಂದಾಗ ಮೂರು ಗಾಡಿ ಕಂಡವು. ಎರಡರ ಮುಂದೆ ನಾಲ್ಕು ನಾಲ್ಕು ಜನ, ಒಂದರ ಮುಂದೆ ಹದಿನಾರು ಜನ. ಆ ಹದಿನಾರು ಜನರ ಹಿಂದೆ ನಿಂತೆ. ಯಾರೂ ಮಾತಾಡಲ್ಲ. ದುಡ್ಡು ಡಬ್ಬಕ್ಕೆ ತಾವೇ ಹಾಕುತ್ತಾರೆ, ಚಿಲ್ಲರೆ ತಾವೇ ತಗೊಳ್ಳುತ್ತಾರೆ. ನನಗೆ ಮೂರು ಇಡ್ಲಿ ಒಂದು ಹಿಡಿ ಚಿತ್ರಾನ್ನ, 30 ರೂಪಾಯಿ. ಇಡ್ಲಿ ತಿರುಗಿಸಿ ನೋಡಿದೆ. ಬಟ್ಟೆಯ ಗೆರೆ ಇತ್ತು. ಪಕ್ಕದವರು ‘ಏನು ಹುಡುಕ್ತಿದ್ದೀಯಪ್ಪ ಅದರಲ್ಲಿ?’ ಅಂದರು. ಏನೂ ಇಲ್ಲ ಅಂದೆ.

ಬುಧವಾರ ಹಿಟ್ಟಿನ ಮಿಲ್ಲಿಗೆ ಹೋದೆ. ಅಲ್ಲಿಯವರು ಮೊದಲು ನಾನು ಸಾಲ ವಸೂಲಿಗೆ ಬಂದವನು ಅಂದುಕೊಂಡು ಬಾಯಿ ಬಿಡಲಿಲ್ಲ. ಊಟಕ್ಕೆ ಅಂದ ಮೇಲೆ ನಕ್ಕು ಒಂದು ಮನೆ ತೋರಿಸಿದರು. ಹಸಿರು ಗೇಟು, ಬೋರ್ಡಿಲ್ಲ. ಬಾಗಿಲಲ್ಲಿ ಹದಿನಾಲ್ಕು ಜೊತೆ ಚಪ್ಪಲಿ. ‘ಒಬ್ಬರಿಗೆ ಜಾಗ ಇದೆಯಾ?’ ಅಂದೆ. ಆ ಅಮ್ಮ ನನ್ನ ಮುಖ ನೋಡಿ ‘ಮುದ್ದೆ ತಿಂತೀಯಾ?’ ಅಂದರು. ಕಲಿಯುತ್ತೇನೆ ಅಂದೆ. ಮಧ್ಯಾಹ್ನ 55. ರಾತ್ರಿಗೆ ಅಲ್ಲೇ ಎರಡು ಚಪಾತಿ ಪಲ್ಯ ಕಟ್ಟಿಕೊಡುತ್ತಾರೆ, 40. ಎಲ್ಲ ಸೇರಿ 125. ಉಳಿದ 25ರಲ್ಲಿ ಸಂಜೆ ಒಂದು ಕಾಫಿ, ಒಂದು ಬಾಳೆಹಣ್ಣು.

ಮುದ್ದೆ ಮೊದಲ ದಿನ ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಎದುರಿಗೆ ಕೂತ ಹಿರಿಯರು ತಮ್ಮ ಊಟ ನಿಲ್ಲಿಸಿ ತೋರಿಸಿದರು. ಬೆರಳು ಸಾರಿನಲ್ಲಿ ಅದ್ದಿ, ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆ ಮೇಲಿಟ್ಟು ಬಿಟ್ಟುಬಿಡೋದು. ಶುಕ್ರವಾರಕ್ಕೆ ಅರ್ಧ ಮುದ್ದೆ ಇಳಿಯಿತು.

ಬಸ್ಸಾರು ಯಾವತ್ತು ಅಂತಲೂ ಕೇಳಿದೆ. ‘ಮಂಗಳವಾರ, ಶುಕ್ರವಾರ. ಯಾಕೆ, ಯಾರು ಹೇಳಿಕೊಟ್ಟರು ನಿನಗೆ?’ ಅಂದರು.

ಮೆಸ್ ಅಕ್ಕ (ರಾತ್ರಿ 9.40)

ಹಸಿರು ಗೇಟು ಅಂದ ತಕ್ಷಣ ಗೊತ್ತಾಯ್ತು. ಇಬ್ಬರೂ ಒಂದೇ ಅಂಗಡಿಯಲ್ಲಿ ಅಕ್ಕಿ ತರೋದು. ಅವರ ಕೈಯಲ್ಲಿ ಹುರುಳಿ ಕಟ್ಟಿನ ಸಾರು ನನಗಿಂತ ಚೆನ್ನಾಗಿರುತ್ತೆ. ನಾನು ಹೇಳಿದೆ ಅಂತ ಹೇಳಬೇಡ.

ಮಂಡ್ಯದ ಮುದ್ದೆ (ರಾತ್ರಿ 9.47)

ಅರ್ಧ ಮುದ್ದೆ! ಇನ್ನೊಂದು ತಿಂಗಳಿಗೆ ಪೂರ್ತಿ ನಮ್ಮವನಾಗುತ್ತೀಯ.

ಕೆಂಪು ಹೆಲ್ಮೆಟ್ (ರಾತ್ರಿ 10.30)

ನಾನು ಇಲ್ಲಿಗೆ ಹೊಸಬ. ಹದಿನಾರು ಜನ ನಿಂತಿದ್ದ ಆ ಇಡ್ಲಿ ಗಾಡಿ ಎಲ್ಲಿ ಅಂತ ಯಾರಾದರೂ ಹೇಳುತ್ತೀರಾ? ನಾಳೆ ಬೆಳಗ್ಗೆ ಫ್ರೆಂಡ್ಸ್ ಎಂಟು ಜನ ಬರೋಣ ಅಂತ.

ಕೆಆರ್‌ಎಸ್ ರೋಡ್ ಆಟೋ (ರಾತ್ರಿ 10.36)

ಭಾನುವಾರ ಶಿಫ್ಟ್ ಇಲ್ಲ. ಗಾಡಿಯೂ ಇರಲ್ಲ. ಸೋಮವಾರ ಐದೂವರೆಗೆ ನೀವೊಬ್ಬರೇ ಬನ್ನಿ.